ಸಿಗಾರ್ ಪರೀಕ್ಷೆ: ಹೊಗೆಯಲ್ಲಿ ಹೊಲದ ಲೆಕ್ಕ

ಮಂಡಿಗೆ ಬೆಲ್ಲ ಒಯ್ದಿದ್ದೀರಿ. ವ್ಯಾಪಾರಿ ಅಚ್ಚಿನ ಮೂಲೆಯನ್ನು ಮುರಿದು ಬಾಯಿಗೆ ಹಾಕಿಕೊಳ್ಳುತ್ತಾನೆ. ಉಪ್ಪಿನ ಛಾಯೆ ಸಿಕ್ಕಿತೋ, ಅಲ್ಲೇ ಮುಖ ಕಿವಿಚುತ್ತಾನೆ. ಚೌಳು ನೆಲದ ಕಬ್ಬು ಇದು ಎಂದು ಅವನಿಗೂ ಗೊತ್ತು, ನಿಮಗೂ ಗೊತ್ತು. ನಿಮ್ಮ ಹೊಲದ ಗುಣದೋಷ ನಿಮ್ಮ ಕಣ್ಣೆದುರಿಗೇ ತೀರ್ಮಾನವಾಗುತ್ತದೆ.

ಹೊಗೆಸೊಪ್ಪಿನಲ್ಲಿ ಹಾಗಿಲ್ಲ. ಹುಣಸೂರು, ಪಿರಿಯಾಪಟ್ಟಣದ ಹರಾಜು ಕಟ್ಟೆಗೆ ನೀವು ಬೇಲು ಒಯ್ದಾಗ ಕೊಳ್ಳುವವರು ಬಣ್ಣ ನೋಡುತ್ತಾರೆ, ಎಲೆಯನ್ನು ಬೆರಳಲ್ಲಿ ಹಿಡಿದು ಮೈ ನೋಡುತ್ತಾರೆ, ಮೂಸುತ್ತಾರೆ. ಬ್ರೈಟ್, ಮೀಡಿಯಂ, ಲೋ ಎಂದು ದರ್ಜೆ ಬೀಳುತ್ತದೆ, ಬೆಲೆ ಬೀಳುತ್ತದೆ, ಬೇಲು ಹೋಗುತ್ತದೆ. ಕರ್ನಾಟಕದಲ್ಲಿ ತಂಬಾಕು ಮಂಡಳಿಯ ಹರಾಜು ಆರಂಭವಾದದ್ದು 1984ರಲ್ಲಿ. ಅಂದಿನಿಂದ ಇಂದಿನವರೆಗೆ ತೂಕ, ಬೆಲೆ ಮೊದಲಿಗಿಂತ ಬಹಿರಂಗವಾಗಿವೆ, ನಿಜ. ಆದರೆ ಆ ಎಲೆ ಬೆಂಕಿ ಕಂಡಾಗ ಹೇಗೆ ಉರಿಯಿತು, ಹೊಗೆ ಏನು ಹೇಳಿತು ಎಂಬ ಮಾತು ಮಾತ್ರ ಬೆಳೆದವನ ಮನೆಬಾಗಿಲಿಗೆ ಬರುವುದಿಲ್ಲ.

ಈ ಮಾತು ಬಹಿರಂಗವಾಗಿ ನಡೆಯುವ ಜಾಗ ಒಂದಿದೆ. ಅದು ದುಬಾರಿ ಸಿಗಾರುಗಳ ಲೋಕ. ಅಲ್ಲಿ ಹೊಸ ಸಿಗಾರ್ ಒಂದು ಮಾರುಕಟ್ಟೆಗೆ ಬಂದ ಕೂಡಲೇ ಪರೀಕ್ಷಕರು ಕುಳಿತು ಅದನ್ನು ಸುಟ್ಟು, ರುಚಿ ನೋಡಿ, ಅಂಕ ಹಾಕಿ ಅಚ್ಚು ಮಾಡಿಸುತ್ತಾರೆ. ಸಿಗಾರ್ ಸೇದಿ ಎಂದು ನಿಮಗೆ ಹೇಳಲು ಈ ಲೇಖನ ಬರೆದದ್ದಲ್ಲ. ಹೊಗೆಯನ್ನು ಎದೆಗೆ ಎಳೆಯದಿದ್ದರೂ ಸಿಗಾರಿನಿಂದ ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್ ಬರುತ್ತದೆ. ಆ ವಿಷಯದಲ್ಲಿ ಸಂದೇಹ ಉಳಿದಿಲ್ಲ. ಆದರೆ ಆ ಪರೀಕ್ಷಕರ ಒಂದೊಂದು ಮಾತಿನ ಹಿಂದೆಯೂ ಹೊಲದ ಒಂದೊಂದು ಕೆಲಸ ಇದೆ. ಹೊಗೆಸೊಪ್ಪು ಬೆಳೆಯುವವರು ಅದನ್ನು ತಿಳಿದಿರುವುದು ಒಳ್ಳೆಯದು.

ಉದಾಹರಣೆಗೆ ಒಂದೇ ಸಿಗಾರನ್ನು ತೆಗೆದುಕೊಳ್ಳೋಣ. 2010ರಲ್ಲಿ ಕ್ಯೂಬಾ ದೇಶ 'ಕೊಹಿಬಾ ಬೆಹಿಕೆ' ಎಂಬ ಹೊಸ ಸಾಲನ್ನು ಬಿಡುಗಡೆ ಮಾಡಿತು. ಕೊಹಿಬಾ ಎಂಬುದು ಆ ದ್ವೀಪದ ಮೂಲನಿವಾಸಿಗಳಾದ ತೈನೊ ಜನರ ಮಾತು, ಸುರುಳಿ ಸುತ್ತಿದ ಹೊಗೆಸೊಪ್ಪಿಗೆ ಸಂಬಂಧಪಟ್ಟದ್ದು. ಬೆಹಿಕೆ ಎಂದರೆ ಅವರ ಪೂಜಾರಿ, ವೈದ್ಯ. 1492ರಲ್ಲಿ ಕೊಲಂಬಸನ ಜೊತೆಗಾರರು ಇವರು ಎಲೆ ಸುತ್ತಿ ಹೊಗೆ ಎಳೆಯುವುದನ್ನು ಕಂಡು ಬೆರಗಾದರಂತೆ. ಕೊಹಿಬಾ ಹೆಸರಿನ ಸಿಗಾರ್ 1960ರ ದಶಕದಲ್ಲಿ ಮೊದಲು ತಯಾರಾದದ್ದು ಫಿಡೆಲ್ ಕ್ಯಾಸ್ಟ್ರೊ ಅವರಿಗಾಗಿ, ಆಮೇಲೆ ವಿದೇಶಿ ಗಣ್ಯರಿಗೆ ಉಡುಗೊರೆಯಾಗಿ. ಹೊರಗೆ ಮಾರಾಟಕ್ಕೆ ಬಂದದ್ದು 1982ರಲ್ಲಿ.

ಬೆಹಿಕೆ ಮೂರು ಅಳತೆಗಳಲ್ಲಿ ಬಂತು: 52, 54, 56. ಈ ಅಂಕಿ ಸಿಗಾರಿನ ದಪ್ಪ. ಒಂದು ಅಂಗುಲವನ್ನು 64 ಭಾಗ ಮಾಡಿದರೆ ಅದರಲ್ಲಿ 52 ಭಾಗ, ಎಂದರೆ ಸುಮಾರು 2 ಸೆಂಟಿಮೀಟರ್. ಮೂರರಲ್ಲಿ ಚಿಕ್ಕದಾದ ಬಿ.ಎಚ್.ಕೆ. 52ರ ಉದ್ದ 119 ಮಿಲಿಮೀಟರ್, ಒಂದು ಗೇಣೂ ಇಲ್ಲ. ಅಮೆರಿಕದ 'ಸಿಗಾರ್ ಅಫಿಶಿಯೊನಾಡೊ' ಎಂಬ ಪತ್ರಿಕೆ 2010ರ ಅತ್ಯುತ್ತಮ ಸಿಗಾರ್ ಎಂದು ಆರಿಸಿದ್ದು ಇದನ್ನೇ. ವಿಚಿತ್ರವೆಂದರೆ 1962ರಿಂದ ಹೇರಿದ ನಿರ್ಬಂಧದಿಂದಾಗಿ ಕ್ಯೂಬಾದ ಸಿಗಾರುಗಳನ್ನು ಅಮೆರಿಕದ ಅಂಗಡಿಯಲ್ಲಿ ಮಾರುವಂತೆಯೇ ಇರಲಿಲ್ಲ!

ಆ ಸಿಗಾರಿನಲ್ಲಿ ಹೊಸದೇನಿತ್ತು? ಯಂತ್ರವಲ್ಲ, ಸುಗಂಧವಲ್ಲ. ಗಿಡದ ನೆತ್ತಿಯ ಎರಡು ಎಲೆ.

ನಿಮ್ಮ ವರ್ಜೀನಿಯಾ ಗಿಡದಲ್ಲಿ ಅಡಿ ಎಲೆ, ನಡು ಎಲೆ, ತುದಿ ಎಲೆ ಬೇರೆ ಬೇರೆ ಮಾಡುವಂತೆ ಅಲ್ಲಿಯೂ ಮಾಡುತ್ತಾರೆ. ಬುಡದ ಎಲೆ 'ವೊಲಾದೊ'. ಅದಕ್ಕೆ ಖಾರ ಕಡಿಮೆ, ಚೆನ್ನಾಗಿ ಉರಿಯುತ್ತದೆ. ನಡುವಿನ 'ಸೆಕೊ' ಪರಿಮಳಕ್ಕೆ. ಮೇಲಿನ 'ಲಿಹೆರೊ' ಖಾರಕ್ಕೆ, ದಪ್ಪಗೆ ಜಿಡ್ಡು ಜಿಡ್ಡಾಗಿ ನಿಧಾನ ಉರಿಯುತ್ತದೆ. ಇದಕ್ಕೂ ಮೇಲೆ ನೆತ್ತಿಯಲ್ಲಿ ಕೆಲವೇ ಗಿಡಗಳಲ್ಲಿ ಎರಡು ಚಿಕ್ಕ ಎಲೆ ಬಲಿಯುತ್ತವೆ. ಅತಿ ಹೆಚ್ಚು ಬಿಸಿಲು ಕುಡಿದ ಎಲೆಗಳು ಅವು. ಹೆಸರು 'ಮೆದಿಯೊ ತಿಯೆಂಪೊ'. ಎಲ್ಲ ಗಿಡಗಳೂ ಅದನ್ನು ಕೊಡುವುದಿಲ್ಲ. ಹೀಗೆ ಅಪರೂಪವಾಗಿ ಸಿಗುವ ಎಲೆಯನ್ನು ಬೇರೆಯಾಗಿ ಆಯ್ದು, ಬೇರೆಯಾಗಿ ಹದ ಮಾಡಿ, ಹೂರಣದಲ್ಲಿ ಸೇರಿಸಿದ್ದೇ ಬೆಹಿಕೆಯ ವಿಶೇಷ. ಇಂಥ ಎಲೆ ಬೇಡವೆಂದರೂ ಹೆಚ್ಚು ಬರುವುದಿಲ್ಲ, ಬೇಕೆಂದರೂ ಬರುವುದಿಲ್ಲ. ಹತ್ತು ಸಿಗಾರಿನ ಪೆಟ್ಟಿಗೆಗಳಲ್ಲಿ ಮಾರಾಟವಾಗುವ ಈ ಮಾಲು ಅಂಗಡಿಗಳಲ್ಲಿ ಸದಾ ಕೊರತೆಯಲ್ಲಿರುವುದಕ್ಕೆ ಇದೂ ಒಂದು ಕಾರಣ.

ಉಂಗುರ ಕಳಚಿದ ಮೇಲೆ

ಪರೀಕ್ಷೆ ನಡೆಯುವ ಕ್ರಮವನ್ನು ಈಗ ನೋಡೋಣ. ಸಿಗಾರಿನ ಸೊಂಟಕ್ಕೆ ಬಣ್ಣದ ಕಾಗದದ ಉಂಗುರ ಇರುತ್ತದಲ್ಲ, ಮೊದಲು ಅದನ್ನು ಕಳಚುತ್ತಾರೆ. ಬದಲಿಗೆ ನಂಬರು ಬರೆದ ಬಿಳಿಯ ಉಂಗುರ ಹಾಕುತ್ತಾರೆ. ಯಾವ ದೇಶದ್ದು, ಯಾರ ಹೆಸರಿನದು, ಬೆಲೆ ಎಷ್ಟು ಎಂದು ಪರೀಕ್ಷಕನಿಗೆ ತಿಳಿಯಬಾರದು. ಹವಾನಾದ ಕಾರ್ಖಾನೆಗಳಲ್ಲಿಯೂ ಅವರದೇ ರುಚಿ ನೋಡುವವರ ಮಂಡಳಿ ಇದೆ. ಅವರು ಆಯಾ ಕೆಲಸಗಾರ ಸುತ್ತಿದ ಸಿಗಾರುಗಳಿಂದ ಮಾದರಿ ತೆಗೆದು, ನಡುನಡುವೆ ಸಕ್ಕರೆ ಇಲ್ಲದ ಚಹಾದಿಂದ ಬಾಯಿ ತೊಳೆದುಕೊಳ್ಳುತ್ತ, ಎಳೆತ, ಉರಿ, ಪರಿಮಳ, ರುಚಿ, ಖಾರ ಇವುಗಳಿಗೆ ಗುರುತು ಹಾಕುತ್ತಾರೆ.

ಈ ಗುಟ್ಟು ಪೂರ್ತಿ ಉಳಿಯುತ್ತದೆಂದು ಹೇಳಲಾರೆ. ಬೆಹಿಕೆಯ ತಲೆಯ ಎಲೆಯನ್ನು ಹಂದಿಯ ಬಾಲದಂತೆ ಸಣ್ಣಗೆ ತಿರುಚಿ ಬಿಟ್ಟಿರುತ್ತಾರೆ. ಉಂಗುರ ತೆಗೆದರೂ ಆ ಬಾಲ ಉಳಿಯುತ್ತದೆ. ಪಳಗಿದ ಪರೀಕ್ಷಕ ಅದನ್ನು ನೋಡಿಯೇ ಊಹಿಸಿಬಿಡಬಹುದು. ಊಹಿಸಿದ ಮೇಲೆ ಅಂಕ ಕೈಯಿಂದ ಸ್ವಲ್ಪ ಧಾರಾಳವಾಗಿ ಜಾರದೆಂದು ಯಾರು ಹೇಳಬಲ್ಲರು?

ಇರಲಿ. ಬೆಂಕಿ ಹಚ್ಚುವ ಮೊದಲೇ ಅರ್ಧ ತೀರ್ಪು ಆಗಿರುತ್ತದೆ. ಮೇಲಿನ ಹೊದಿಕೆ ಎಲೆ ಒಂದೇ ಬಣ್ಣದ್ದೋ, ನರಗಳು ಉಬ್ಬಿವೆಯೋ, ಮೈಯಲ್ಲಿ ಎಣ್ಣೆಯ ಹೊಳಪಿದೆಯೋ ಎಂದು ನೋಡುತ್ತಾರೆ. ನರ ಉಬ್ಬಿದ್ದರೆ ಅದು ಬಿಸಿಲ ಎಲೆ. ಕ್ಯೂಬಾದ ಪಿನಾರ್ ದೆಲ್ ರಿಯೊ ಪ್ರಾಂತದ ವುಯೆಲ್ತಾ ಅಬಾಹೊ ಎಂಬ ಸೀಮೆಯಲ್ಲಿ, ಸಾನ್ ಲೂಯಿಸ್, ಸಾನ್ ಹುವಾನ್ ಇ ಮಾರ್ತಿನೆಸ್ ಊರುಗಳ ಸುತ್ತ, ಹೊದಿಕೆ ಎಲೆಯ ಹೊಲಗಳಿಗೆ ತೆಳು ಬಟ್ಟೆಯ ಚಪ್ಪರ ಹಾಕುತ್ತಾರೆ. ಇಡೀ ಹೊಲವೇ ಮದುವೆ ಚಪ್ಪರದ ಕೆಳಗೆ ಇದ್ದಂತೆ! ನೆರಳಿನಲ್ಲಿ ಎಲೆ ಬೆಳಕನ್ನು ಹುಡುಕಿ ಅಗಲವಾಗುತ್ತದೆ, ತೆಳ್ಳಗಾಗುತ್ತದೆ. ಒಳಗೆ ಹೂರಣಕ್ಕೆ ಹೋಗುವ ಎಲೆ ಬೆಳೆಯುವುದು ಬಯಲು ಬಿಸಿಲಿನಲ್ಲಿ.

ಹೊದಿಕೆಯಲ್ಲಿ ಗುಂಡುಸೂಜಿ ಚುಚ್ಚಿದಂಥ ತೂತು ಕಂಡರೆ ಅದು ಹೊಗೆಸೊಪ್ಪಿನ ದುಂಬಿಯ ಕೆಲಸ. ನಿಮ್ಮ ದಾಸ್ತಾನಿನಲ್ಲಿ ಕಾಣುವುದೂ ಇದೇ ದುಂಬಿ. ಅಲ್ಲಿ ಸಿಗಾರುಗಳನ್ನು ಹೊರದೇಶಕ್ಕೆ ಕಳುಹಿಸುವ ಮೊದಲು ಹೆಪ್ಪುಗಟ್ಟುವಷ್ಟು ತಣ್ಣಗೆ ಇಟ್ಟು ಅದರ ಮೊಟ್ಟೆ, ಮರಿ ಕೊಲ್ಲುತ್ತಾರೆ.

ಆಮೇಲೆ ಬೆರಳಿನಿಂದ ಉದ್ದಕ್ಕೂ ಮೆಲ್ಲಗೆ ಒತ್ತುತ್ತಾರೆ. ಗಟ್ಟಿ ಗಂಟು ಸಿಕ್ಕಿದರೆ ಹೊಗೆ ಬರುವುದಿಲ್ಲ, ಪೊಳ್ಳು ಸಿಕ್ಕಿದರೆ ಹೊಗೆ ಬಿಸಿಯಾಗಿ ಬಾಯಿ ಸುಡುತ್ತದೆ. ಇದು ಸುತ್ತುವವನ ತಪ್ಪು, ಬೆಳೆದವನದಲ್ಲ. ತಲೆಯ ತುದಿ ಕತ್ತರಿಸಿ, ಬೆಂಕಿ ಇಲ್ಲದೆ ಒಮ್ಮೆ ಎಳೆದು ನೋಡುತ್ತಾರೆ. ಹಚ್ಚುವುದಕ್ಕೆ ಪೆಟ್ರೋಲ್ ಲೈಟರ್ ಕೂಡದು, ಅದರ ವಾಸನೆ ಎಲೆಗೆ ಹತ್ತುತ್ತದೆ.

ಕೆಡುವುದು ಎಲ್ಲಿ

ಹಚ್ಚಿದ ಮೇಲೆ ಬರುವ ಮೊದಲ ಪ್ರಶ್ನೆ: ಸಮವಾಗಿ ಉರಿಯುತ್ತದೆಯೇ, ಬಿಟ್ಟು ಬಿಟ್ಟು ಆರುತ್ತದೆಯೇ? ಇದನ್ನು ನೀವು ಗಮನವಿಟ್ಟು ಓದಬೇಕು, ಏಕೆಂದರೆ ಇದು ಸಿಗಾರಿಗೂ ಸಿಗರೇಟಿಗೂ ಬೀಡಿಗೂ ಒಂದೇ.

ಎಲೆ ಚೆನ್ನಾಗಿ ಉರಿಯಲು ಪೊಟ್ಯಾಷ್ ಬೇಕು. ಉರಿ ಕೆಡಿಸುವುದು ಕ್ಲೋರಿನ್. ಎಲೆಯಲ್ಲಿ ಕ್ಲೋರಿನ್ ಅಂಶ ಶೇಕಡ 2 ದಾಟಿತೆಂದರೆ ಅದು ಕೆಂಡವಾಗಿ ನಿಲ್ಲುವುದಿಲ್ಲ. ತೇವವನ್ನು ಹೀರಿ ಮೆತ್ತಗಾಗುತ್ತದೆ, ಬಣ್ಣ ಮಂಕಾಗುತ್ತದೆ, ಬೂದಿ ಕಪ್ಪಾಗುತ್ತದೆ. ಈ ಕ್ಲೋರಿನ್ ಎಲೆಗೆ ಬರುವ ದಾರಿ ಮುಖ್ಯವಾಗಿ ಎರಡು. ಒಂದು ಸವಳು ನೆಲ ಅಥವಾ ಸವಳು ನೀರು. ಇನ್ನೊಂದು ಮ್ಯೂರಿಯೇಟ್ ಆಫ್ ಪೊಟ್ಯಾಷ್. ಆ ಗೊಬ್ಬರದಲ್ಲಿ ಪೊಟ್ಯಾಷಿನ ಜೊತೆಗೆ ಇರುವುದೇ ಕ್ಲೋರಿನ್. ಭತ್ತಕ್ಕೆ, ಕಬ್ಬಿಗೆ ಹಾಕುವ ಅಗ್ಗದ ಚೀಲವನ್ನೇ ಹೊಗೆಸೊಪ್ಪಿಗೂ ಹಾಕುವವರು ಪೊಟ್ಯಾಷ್ ಕೊಟ್ಟೆವೆಂದು ತಿಳಿದಿರುತ್ತಾರೆ. ಕೊಟ್ಟ ಕೈಯಿಂದಲೇ ಉರಿಯನ್ನು ಕಿತ್ತುಕೊಂಡಿರುತ್ತಾರೆ. ಹೊಗೆಸೊಪ್ಪಿಗೆ ಸಲ್ಫೇಟ್ ಆಫ್ ಪೊಟ್ಯಾಷ್ ಹಾಕಬೇಕೆಂದು ತಜ್ಞರು ಹಟ ಹಿಡಿಯುವುದು ಇದಕ್ಕೇ. ಬೆಲೆ ಹೆಚ್ಚು, ಒಪ್ಪುತ್ತೇನೆ.

ಬೂದಿಯನ್ನೂ ಪರೀಕ್ಷಕರು ನೋಡುತ್ತಾರೆ. ಬೆಳ್ಳಗೆ ಅಥವಾ ತಿಳಿ ಬೂದು ಬಣ್ಣಕ್ಕೆ ಬಂದು, ಬೀಳದೆ ನಿಂತರೆ ಒಳ್ಳೆಯ ಲಕ್ಷಣ. ಬೂದಿ ನೋಡಿ ಎಲೆಯ ಊರು ಹೇಳುವುದರಲ್ಲಿ ಕಥೆಯ ಪತ್ತೇದಾರ ಷೆರ್ಲಾಕ್ ಹೋಮ್ಸ್‌ನನ್ನು ಮೀರಿಸಿದವರಿಲ್ಲ. 1887ರಲ್ಲಿ ಪ್ರಕಟವಾದ ಅವನ ಮೊದಲ ಕಥೆಯಲ್ಲಿಯೇ ನೆಲದ ಮೇಲಿನ ಬೂದಿಯನ್ನು ನೋಡಿ ಕೊಲೆಗಾರ ಸೇದಿದ್ದು ತಿರುಚಿನಾಪಳ್ಳಿಯ ಚುಟ್ಟಾ ಎಂದು ಅವನು ಹೇಳುತ್ತಾನೆ. ನಮ್ಮ ನೆರೆಯ ತಮಿಳುನಾಡಿನ ಎಲೆ ಲಂಡನ್ನಿನವರೆಗೆ ಆ ಕಾಲಕ್ಕೇ ಹೆಸರಾಗಿತ್ತು.

ಇನ್ನು ಖಾರ. ಗಂಟಲು ಕೆರೆಯುವಂಥ ಒರಟುತನ ಒಂದು, ಎದೆಗೆ ತಟ್ಟುವ ಖಾರ ಇನ್ನೊಂದು. ಎರಡನ್ನೂ ಬೇರೆ ಮಾಡಿ ಬರೆಯುತ್ತಾರೆ. ಖಾರ ಬರುವುದು ಮೇಲಿನ ಎಲೆಯಿಂದ, ಕುಡಿ ಮುರಿದು ಕಂಕುಳ ಚಿಗುರು ತೆಗೆದ ಗಿಡದಿಂದ. ಹೂವಿಗೆ ಹೋಗಬೇಕಾದ ಸತ್ವವೆಲ್ಲ ಎಲೆಗೆ ಇಳಿಯುತ್ತದೆ. ಒರಟುತನಕ್ಕೆ ಅನೇಕ ವೇಳೆ ಕಾರಣ ಯೂರಿಯಾದ ಧಾರಾಳ. ಗಿಡ ಕಪ್ಪು ಹಸಿರಾಗಿ ಸೊಕ್ಕಿ ನಿಂತಿರುವುದನ್ನು ನೋಡಿ ಸಂತೋಷಪಡಬೇಡಿ. ಆ ಎಲೆ ಹೊತ್ತಿಗೆ ಮಾಗುವುದೂ ಇಲ್ಲ, ಹದಕ್ಕೆ ಬರುವುದೂ ಇಲ್ಲ. ಖಾರದ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ: ಮಳೆಯಲ್ಲಿ, ಬೆಳಗಿನ ಇಬ್ಬನಿಯಲ್ಲಿ ಒದ್ದೆ ಎಲೆ ಮುರಿಯುವ ಹೆಂಗಸರಿಗೆ ಮಧ್ಯಾಹ್ನದ ಹೊತ್ತಿಗೆ ತಲೆ ಸುತ್ತು, ವಾಂತಿ ಬಂದರೆ ಅದು ಬಿಸಿಲಿನ ಪಿತ್ತವೆಂದು ಬಿಡಬೇಡಿ. ಎಲೆಯ ನಿಕೋಟಿನ್ ಚರ್ಮದ ಮೂಲಕ ಮೈಗೆ ಇಳಿದಿರುತ್ತದೆ. ಎಲೆ ಒಣಗಿದ ಮೇಲೆ ಮುರಿಸಿ, ಕೈಗವಸು ಕೊಡಿ, ಒದ್ದೆಯಾದ ಬಟ್ಟೆ ಬದಲಿಸಲು ಬಿಡಿ.

ಮೂಗಿಗೆ ಘಾಟು ಹೊಡೆದು, ದನದ ಗಂಜಲದಂಥ ವಾಸನೆ ಬಂದರೆ ಪರೀಕ್ಷಕ 'ಅಮೋನಿಯ' ಎಂದು ಬರೆದು ಅಂಕ ಕಡಿಯುತ್ತಾನೆ. ಇದು ಹೊಲದ ತಪ್ಪಲ್ಲ, ಅವಸರದ ತಪ್ಪು. ಇಲ್ಲಿಯೇ ಸಿಗಾರಿನ ಎಲೆ ನಮ್ಮ ವರ್ಜೀನಿಯಾದಿಂದ ಪೂರ್ತಿ ಬೇರೆಯಾಗುವುದು.

ನೀವು ಬ್ಯಾರನ್ನಿನಲ್ಲಿ ಬೆಂಕಿ ಕೊಟ್ಟು ವಾರದೊಳಗೆ ಎಲೆಯನ್ನು ಹಳದಿ ಮಾಡಿ ಒಣಗಿಸುತ್ತೀರಿ. ಎಲೆಯಲ್ಲಿನ ಸಕ್ಕರೆ ಅಲ್ಲಿಗೇ ನಿಂತುಬಿಡುತ್ತದೆ. ಸಕ್ಕರೆ ಇರುವ ಎಲೆಯ ಹೊಗೆ ಹುಳಿ ಗುಣದ್ದು, ಗಂಟಲಿಗೆ ನಯ. ಅದಕ್ಕೇ ಸಿಗರೇಟು ಸೇದುವವನು ಹೊಗೆಯನ್ನು ಎದೆಯವರೆಗೆ ಎಳೆದುಕೊಳ್ಳುತ್ತಾನೆ. ಕ್ಯೂಬಾದವರು ಎಲೆಗಳನ್ನು ಜೋಡಿ ಜೋಡಿಯಾಗಿ ದಾರದಲ್ಲಿ ಹೊಲಿದು, ಗಳಕ್ಕೆ ಹಾಕಿ, ಮರದ ಕೊಟ್ಟಿಗೆಯಲ್ಲಿ ಗಾಳಿಗೆ ತೂಗು ಬಿಡುತ್ತಾರೆ. ಸುಮಾರು 50 ದಿನ. ಆ ಕೊಟ್ಟಿಗೆಯನ್ನು ಪೂರ್ವ ಪಶ್ಚಿಮವಾಗಿ ಕಟ್ಟುತ್ತಾರೆ, ಬೆಳಿಗ್ಗೆ ಒಂದು ತುದಿಗೆ, ಸಂಜೆ ಇನ್ನೊಂದು ತುದಿಗೆ ಮಾತ್ರ ಬಿಸಿಲು ಬೀಳಲೆಂದು. ಅಷ್ಟು ದಿನ ಎಲೆ ನಿಧಾನವಾಗಿ ಸಾಯುತ್ತ ತನ್ನ ಸಕ್ಕರೆಯನ್ನು ತಾನೇ ತಿಂದು ಮುಗಿಸುತ್ತದೆ. ಈ ಎಲೆಯ ಹೊಗೆ ಕ್ಷಾರ ಗುಣದ್ದು, ಗಂಟಲಿಗೆ ಒರಟು, ನಿಕೋಟಿನ್ ಬಾಯಿಯ ಪೊರೆಯಿಂದಲೇ ರಕ್ತಕ್ಕೆ ಸೇರುತ್ತದೆ. ಹೀಗಾಗಿ ಸಿಗಾರಿನ ಹೊಗೆಯನ್ನು ಬಾಯಲ್ಲಿ ಹೊರಳಿಸಿ ಬಿಡುತ್ತಾರೆ. ಹುಣಸೂರಿನ ಎಲೆಯಿಂದ ಒಳ್ಳೆಯ ಸಿಗಾರ್ ಏಕಾಗದು ಎಂದು ಕೇಳುವವರಿಗೆ ಉತ್ತರ ಇಷ್ಟೇ: ಎಲೆ ಕೀಳಲ್ಲ, ಹದ ಬೇರೆ, ತಳಿಯೂ ಬೇರೆ.

ಕೊಟ್ಟಿಗೆಯಿಂದ ಇಳಿಸಿದ ಎಲೆಯನ್ನು ರಾಶಿ ಹಾಕುತ್ತಾರೆ. ತಿಪ್ಪೆ ಒಳಗೊಳಗೇ ಕಾವೇರುವಂತೆ ಆ ರಾಶಿಯೂ ಬೆವರಿ ಕಾಯುತ್ತದೆ. ಮೊದಲ ಸಲ ಕಾವು 35 ಡಿಗ್ರಿ ಸೆಂಟಿಗ್ರೇಡ್ ಮೀರಬಾರದು, ಎರಡನೆಯ ಸಲ 42. ಮೀರುವಂತೆ ಕಂಡರೆ ರಾಶಿ ಬಿಚ್ಚಿ ಆರಿಸಿ ಮತ್ತೆ ಹಾಕುತ್ತಾರೆ. ಅಮೋನಿಯ, ಕಹಿ, ಘಾಟು ಇಲ್ಲಿ ಹೊರಟುಹೋಗುತ್ತದೆ. ಕೊಹಿಬಾದ ಹೂರಣಕ್ಕೆ ಹೋಗುವ ಸೆಕೊ, ಲಿಹೆರೊ ಎಲೆಗಳಿಗೆ ಮೂರನೆಯ ಸಲವೂ ಕಾವು ಕೊಡುತ್ತಾರೆ. ಆ ಮೇಲೆ ಮೂಟೆ ಕಟ್ಟಿ ಲಿಹೆರೊವನ್ನು ಎರಡು ವರ್ಷವಾದರೂ ಇಡಬೇಕು. ಬೆಳೆದವನ ದುಡ್ಡಿನ ಮೇಲೆ ಇಷ್ಟು ದಿನ ಕೂರುವ ಶಕ್ತಿ ಎಷ್ಟು ಜನಕ್ಕಿದೆ? ಅಲ್ಲಿ ಕೂರುವುದು ಸರ್ಕಾರದ ಸಂಸ್ಥೆ, ರೈತನಲ್ಲ.

ಹೊಸದಾಗಿ ಬಿಡುಗಡೆಯಾದ ಸಿಗಾರಿಗೆ ಅಂಕ ಹಾಕುವುದರಲ್ಲಿ ಒಂದು ತೊಡಕೂ ಇದೆ. ಸುತ್ತುವಾಗ ಎಲೆಗೆ ತೇವ ಕೊಟ್ಟಿರುತ್ತಾರೆ. ಆ ತೇವದಿಂದ ಒಳಗೆ ಮತ್ತೆ ಸ್ವಲ್ಪ ಘಾಟು ಏಳುತ್ತದೆ. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆಂದು ಗೃಹಿಣಿ ಹಳೆ ಅಕ್ಕಿ ಕೇಳುವಂತೆ, ಬಲ್ಲವರು ಸಿಗಾರ್ ಪೆಟ್ಟಿಗೆಯನ್ನು ಸುಮಾರು ಶೇಕಡ 65ರಿಂದ 70ರ ತೇವದಲ್ಲಿ ವರ್ಷಗಟ್ಟಲೆ ಇಟ್ಟು ತೆಗೆಯುತ್ತಾರೆ. ಬಿಡುಗಡೆಯಾದ ತಿಂಗಳಲ್ಲೇ ಬರೆದ ತೀರ್ಪನ್ನು ಕೊನೆಯ ಮಾತು ಎಂದುಕೊಳ್ಳುವುದು ನನಗಂತೂ ಸರಿಕಾಣದು.

ಹೆಸರು ಯಾರದು

ಸಾನ್ ಲೂಯಿಸ್ ಬಳಿಯ ಆಲೆಹಾಂದ್ರೊ ರೊಬೈನಾ ಅವರ ವಿಷಯ ಹೇಳದಿದ್ದರೆ ಈ ಕಥೆ ಪೂರ್ತಿಯಾಗದು. 1919ರಲ್ಲಿ ಹುಟ್ಟಿದ ಈ ರೈತನ ಮನೆತನ 1845ರಿಂದ ಅಲ್ಲಿ ಹೊಗೆಸೊಪ್ಪು ಬೆಳೆಯುತ್ತ ಬಂದದ್ದು. ಕ್ಯೂಬಾದಲ್ಲಿ ಅತ್ಯುತ್ತಮ ಹೊದಿಕೆ ಎಲೆ ಬೆಳೆಯುವವರೆಂದು ಅವರು ಪ್ರಸಿದ್ಧರು. ಬೆಳೆದ ಎಲೆಯಲ್ಲಿ ಹೊದಿಕೆಗೆ ಒದಗುವ ಪ್ರಮಾಣ ಅವರ ಹೊಲದಲ್ಲಿ ಉಳಿದವರಿಗಿಂತ ಬಹಳ ಹೆಚ್ಚು. 1997ರಲ್ಲಿ 'ವೆಗಾಸ್ ರೊಬೈನಾ' ಎಂದು ಒಂದು ಸಿಗಾರಿಗೇ ಅವರ ಹೆಸರನ್ನಿಟ್ಟರು. ರಾಜ, ಮಂತ್ರಿ, ಕಾದಂಬರಿಯ ನಾಯಕ ಇವರ ಹೆಸರು ಹೊತ್ತ ಸಿಗಾರುಗಳ ಸಾಲಿನಲ್ಲಿ ಒಬ್ಬ ಜೀವಂತ ರೈತನ ಹೆಸರು! ಬೆಹಿಕೆ ಬಿಡುಗಡೆಯಾದ 2010ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು.

ಅಂಥ ಗೌರವ ಒಬ್ಬರಿಗೆ ಸಿಕ್ಕಿತು. ಉಳಿದವರ ಪಾಡು ಬೇರೆ. 1979-80ರಲ್ಲಿ ನೀಲಿ ಬೂಷ್ಟು ರೋಗ ಬಂದು ಕ್ಯೂಬಾದ ಬಹುಪಾಲು ಬೆಳೆ ಹೋಯಿತು. ಹಳೆಯ ಹೆಸರಾಂತ ತಳಿಯನ್ನೇ ಕೈಬಿಟ್ಟು ರೋಗ ತಡೆಯುವ ತಳಿಗಳನ್ನು ಹುಡುಕಬೇಕಾಯಿತು. 2022ರ ಸೆಪ್ಟೆಂಬರ್ 27ರಂದು ಇಯಾನ್ ಚಂಡಮಾರುತ ಇದೇ ಪಿನಾರ್ ದೆಲ್ ರಿಯೊ ಮೇಲೆ ಹಾದು ಸಾವಿರಾರು ಕೊಟ್ಟಿಗೆಗಳನ್ನು ನೆಲಸಮ ಮಾಡಿತು. ಹೊಲ ಉಳಿದರೂ ಎಲೆ ತೂಗುಬಿಡಲು ಸೂರಿಲ್ಲ. ಅದೇ ವರ್ಷ ಕೊಹಿಬಾದ ಬೆಲೆಯನ್ನು ಲೋಕದಲ್ಲೆಲ್ಲ ಒಂದೇ ಮಟ್ಟಕ್ಕೆ ತರುತ್ತೇವೆಂದು ಮಾರುವ ಕಂಪನಿ ಒಮ್ಮೆಲೇ ಬಹಳ ಏರಿಸಿತ್ತು. ಆ ಏರಿಕೆಗೆ ಎಲೆಯ ರುಚಿ ಹೆಚ್ಚಿದ್ದು ಕಾರಣವಲ್ಲ. ಬಿಳಿಯ ಉಂಗುರ ಹಾಕಿದಾಗ ಅಂಕ ಸಿಗುವುದು ಎಲೆಗೆ, ಬಣ್ಣದ ಉಂಗುರ ಹಾಕಿದಾಗ ದುಡ್ಡು ಸಿಗುವುದು ಹೆಸರಿಗೆ. ನಕಲಿ ಮಾಡುವವರೂ ಬಲ್ಲರು. ಅವರು ಮೊದಲು ಅಚ್ಚು ಹಾಕುವುದು ಆ ಉಂಗುರವನ್ನೇ.

ನೀವು ಸೇದದೆಯೇ ನಿಮ್ಮ ಎಲೆಯ ಒಂದು ಪರೀಕ್ಷೆಯನ್ನು ಮನೆಯಲ್ಲಿ ಮಾಡಿಕೊಳ್ಳಬಹುದು. ಹದವಾದ ಮೇಲೆ ಒಂದೇ ಮಟ್ಟದ ಎಲೆಗಳನ್ನು, ನಡು ಎಲೆಯಾದರೆ ಎಲ್ಲವೂ ನಡು ಎಲೆಯನ್ನೇ, ಹತ್ತು ಹನ್ನೆರಡು ಆಯ್ದುಕೊಳ್ಳಿ. ಎಲ್ಲವೂ ಒಂದೇ ರೀತಿ ಒಣಗಿರಲಿ. ಗಾಳಿ ಇಲ್ಲದ ಕಡೆ ಕುಳಿತು, ನಡುದಿಂಡು ಬಿಟ್ಟು ಎಲೆಯ ಬಯಲಿಗೆ ಉರಿಯುವ ಊದುಬತ್ತಿಯ ಕೆಂಡವನ್ನು ಮುಟ್ಟಿಸಿ, ಕಿಡಿ ಹತ್ತಿದ ಕೂಡಲೇ ತೆಗೆಯಿರಿ. ಕಿಡಿ ತಾನಾಗಿ ಎಷ್ಟು ಸೆಕೆಂಡು ಹರಡುತ್ತ ನಿಲ್ಲುತ್ತದೆಂದು ಗಡಿಯಾರ ಹಿಡಿದು ಎಣಿಸಿ ಬರೆದಿಡಿ. ಬೇರೆ ಬೇರೆ ತಾಕಿನ ಎಲೆಗಳಿಗೆ ಬೇರೆ ಬೇರೆ ಲೆಕ್ಕವಿರಲಿ, ಪಕ್ಕದ ಹೊಲದವರ ಎಲೆಯನ್ನೂ ಕೇಳಿ ತಂದು ಹೋಲಿಸಿ. ಯಾವುದೋ ಒಂದು ತಾಕಿನ ಎಲೆ ಮಾತ್ರ ಹತ್ತಿದ ಹಾಗೇ ಆರುತ್ತಿದ್ದರೆ, ಆ ತಾಕಿಗೆ ಹೋದ ವರ್ಷ ಯಾವ ಚೀಲದ ಪೊಟ್ಯಾಷ್ ಹಾಕಿದ್ದಿರಿ, ಕೊಳವೆ ಬಾವಿಯ ನೀರು ಹಾಯಿಸಿದ್ದಿರೋ ಎಂದು ನೆನಪು ಮಾಡಿಕೊಳ್ಳಿ. ಮಳೆಯನ್ನೇ ನಂಬಿದ ಕೆಂಪು ಮರಳು ಮಣ್ಣಿನಲ್ಲಿ ಈ ತೊಂದರೆ ಕಡಿಮೆ. ಸಸಿಮಡಿಗೆ, ನಾಟಿಯ ಹೊತ್ತಿಗೆ ಬಾವಿಯ ನೀರು ಬಳಸುವವರು ಒಂದು ಸೀಸೆ ನೀರನ್ನೂ ಆ ತಾಕಿನ ಮಣ್ಣನ್ನೂ ಬಿತ್ತನೆಗೆ ಮೊದಲೇ ಪರೀಕ್ಷೆಗೆ ಕೊಟ್ಟು, ಕ್ಲೋರೈಡ್ ಎಷ್ಟಿದೆ ಎಂದು ಕೇಳಿ ಪಡೆಯಿರಿ.